ತೂತಿದ್ದರೂ ಮುಳುಗದ ದೋಣಿ

ಹೋದ ತಿಂಗಳ ಗೋಡೆ ಪತ್ರಿಕೆಯಲ್ಲಿ ನನ್ನ ಗೆಳತಿ ಜೇನುಹುಳದ ಬಗ್ಗೆ ಚೆನ್ನಾಗಿ ಬರೆದಿದ್ದಳು. ಈ ಸಲ ನನ್ನ ಸರದಿ. ನಾನು ಕಯಾಕ್ ಎಂಬ ದೋಣಿಯ ಬಗ್ಗೆ ಬರೆಯುತ್ತೇನೆ. ನಮ್ಮ ಶಾಲೆಯ ಸ್ಟೋರ್ ರೂಮಿನಲ್ಲಿ ಅಕ್ಕಿಮೂಟೆಯ ಪಕ್ಕ ಕಿತ್ತಳೆ ಬಣ್ಣದ್ದೊಂದು ಉದ್ದಕ್ಕೆ ಮಲಗಿದೆಯಲ್ಲ, ಅದೇ. ಐದನೇ ತರಗತಿಯವರು ಅದನ್ನು ಜಾರುಬಂಡೆ ಅಂದುಕೊಂಡಿದ್ದಾರೆ. ಅದು ಜಾರುಬಂಡೆ ಅಲ್ಲ, ದಯವಿಟ್ಟು ಅದರ ಮೇಲೆ ಹತ್ತಬೇಡಿ.

ಮೊದಲು ಅದು ನಮ್ಮ ಶಾಲೆಗೆ ಹೇಗೆ ಬಂತು ಅಂತ ಹೇಳುತ್ತೇನೆ. ನಮ್ಮ ವಿಜ್ಞಾನ ಮೇಷ್ಟ್ರ ಊರು ಚಳ್ಳಕೆರೆಯ ಕಡೆ. ಅಲ್ಲಿ ಮಳೆ ಬಹಳ ಕಡಿಮೆ. ಚಿಕ್ಕವರಿದ್ದಾಗ ಅವರು ಮೊಣಕಾಲಿಗಿಂತ ಹೆಚ್ಚು ನೀರಿಗೆ ಇಳಿದೇ ಇರಲಿಲ್ಲವಂತೆ. ಈಜು ಬರುತ್ತಿರಲಿಲ್ಲ. ಆಮೇಲೆ ಕೆಲಸ ಸಿಕ್ಕಿ ಬಂದದ್ದು ನಮ್ಮ ಕಡೆಗೆ, ಅಂದರೆ ಎಲ್ಲಿ ನೋಡಿದರೂ ಶರಾವತಿ ಹಿನ್ನೀರು ಇರುವ ಸಾಗರ ತಾಲೂಕಿಗೆ! ಆಗ ಸಿಗಂದೂರಿಗೆ ಸೇತುವೆ ಇರಲಿಲ್ಲ (2.44 ಕಿಲೋಮೀಟರ್ ಉದ್ದದ ಆ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈ ತಿಂಗಳಲ್ಲಿ). ಲಾಂಚಿನಲ್ಲಿ ದಾಟುವಾಗ ಮೇಷ್ಟ್ರು ಎರಡೂ ಕೈಯಲ್ಲಿ ಕಂಬಿ ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಇದನ್ನು ಅವರೇ ತರಗತಿಯಲ್ಲಿ ಹೇಳಿ ನಕ್ಕರು. ನಾವೂ ನಕ್ಕೆವು.

2016ರ ಬೇಸಿಗೆ ರಜೆಯಲ್ಲಿ ಶಿಕ್ಷಕರಿಗೆ ಅಂತ ಒಂದು ಶಿಬಿರಕ್ಕೆ ಅವರು ಹೊನ್ನೆಮರಡುವಿಗೆ ಹೋಗಬೇಕಾಯ್ತು. ಹೊನ್ನೆಮರಡು ಕೂಡ ಇದೇ ಹಿನ್ನೀರಿನ ದಡದ ಊರು. ಆಗ ಅವರಿಗೆ 42 ವರ್ಷ. ಅಲ್ಲಿ ಎಲ್ಲರ ಮುಂದೆ ಕಯಾಕ್ ಹತ್ತಿಸಿದರು. ಮೊದಲನೇ ದಿನ 7 ಸಲ ನೀರಿಗೆ ಬಿದ್ದರಂತೆ. ಎರಡನೇ ದಿನ 4 ಸಲ. ಮೂರನೇ ದಿನ ಬೀಳಲಿಲ್ಲ, ಆದರೆ ದೋಣಿ ನೇರ ಹೋಗದೆ ಬುಗುರಿ ಹಾಗೆ ಸುತ್ತಿತು. ಕಲಿಸುವ ಹುಡುಗನಿಗೆ 22 ವರ್ಷ, ಅವನು ಒಂದು ಸಲವೂ ಬೈಯಲಿಲ್ಲವಂತೆ. "ಸಾರ್, ಇನ್ನೊಂದು ಸಲ" ಅಂತ ಮಾತ್ರ ಹೇಳುತ್ತಿದ್ದನಂತೆ.

ಇದನ್ನು ಯಾಕೆ ಬರೆದೆ ಅಂದರೆ, ನನ್ನ ಅಣ್ಣ ನಮ್ಮ ಶಾಲೆಯಲ್ಲೇ ಓದಿದವನು. ಮೊದಲು ಈ ಮೇಷ್ಟ್ರು ಲೆಕ್ಕ ತಪ್ಪಿದರೆ ಸೀಮೆಸುಣ್ಣ ಎಸೆಯುತ್ತಿದ್ದರು, ಆ ರಜೆ ಮುಗಿದು ಬಂದ ಮೇಲೆ ಎಸೆಯಲೇ ಇಲ್ಲ ಅಂತ ಅವನು ಹೇಳುತ್ತಾನೆ. ನಾನು ಮೇಷ್ಟ್ರನ್ನೇ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಪ್ಪತ್ತು ವರ್ಷದಿಂದ ನಾನು ಹೊಸದಾಗಿ ಏನೂ ಕಲಿತಿರಲಿಲ್ಲ. ಬರೀ ಕಲಿಸ್ತಿದ್ದೆ. ಬರದೇ ಇರೋದು ಅಂದ್ರೆ ಹೇಗಿರ್ತದೆ ಅಂತ ಮರೆತೇ ಹೋಗಿತ್ತು" ಅಂದರು. ಆಮೇಲೆ ಅವರು ಪ್ರತಿ ವರ್ಷ ರಜೆಯಲ್ಲಿ ಹೋಗಿ ಕಲಿತರು. ಈಜನ್ನೂ ಕಲಿತರು. ಎರಡು ವರ್ಷದ ಹಿಂದೆ ತಮ್ಮ ಸ್ವಂತ ದುಡ್ಡಿನಲ್ಲಿ ಹಳೇ ಕಯಾಕ್ ಒಂದನ್ನು ಕೊಂಡು ಗೂಡ್ಸ್ ಆಟೋದಲ್ಲಿ ತಂದರು. ಅದೇ ಈ ಕಿತ್ತಳೆ ದೋಣಿ.

ಈಗ ಪಾಠಕ್ಕೆ ಬರೋಣ.

ಕಯಾಕನ್ನು ಮೊದಲು ಮಾಡಿದವರು ಉತ್ತರ ಧ್ರುವದ ಹತ್ತಿರ ಗ್ರೀನ್‌ಲ್ಯಾಂಡ್, ಕೆನಡಾ, ಅಲಾಸ್ಕಾ ಕಡೆ ಇರುವ ಇನ್ಯುಯಿಟ್, ಅಲ್ಯೂಟ್ ಮೊದಲಾದ ಜನ. ಅಲ್ಲಿ ಮರಗಳು ಬೆಳೆಯುವುದೇ ಅಪರೂಪ. ಸಮುದ್ರದಲ್ಲಿ ತೇಲಿ ಬಂದ ಮರದ ತುಂಡು, ತಿಮಿಂಗಿಲದ ಎಲುಬು ಇವುಗಳಿಂದ ಹಂದರ ಕಟ್ಟಿ, ಸೀಲ್ ಎಂಬ ಪ್ರಾಣಿಯ ಚರ್ಮ ಹೊದಿಸುತ್ತಿದ್ದರು. ಚರ್ಮವನ್ನು ನೀರು ಒಳಗೆ ಬಾರದ ಹಾಗೆ ಹೊಲಿಯುವ ಕೆಲಸ ಹೆಂಗಸರದ್ದು. ಹೊಲಿಗೆ ಬಿಟ್ಟರೆ ಗಂಡ ಮುಳುಗಿದ! ಆದ್ದರಿಂದ ಅವರ ಕೆಲಸ ಬಹಳ ದೊಡ್ಡದು ಅಂತ ನನಗೆ ಅನ್ನಿಸಿತು. ಗಂಡಸರು ಅದರಲ್ಲಿ ಕೂತು ಸದ್ದಿಲ್ಲದೆ ಹೋಗಿ ಬೇಟೆ ಆಡುತ್ತಿದ್ದರು. ಬೇಟೆಗಾರ ಮುಂದೆ ನೋಡಬೇಕಲ್ಲ, ಅದಕ್ಕೆ ಕಯಾಕಿನಲ್ಲಿ ಮುಂದಕ್ಕೆ ಮುಖ ಮಾಡಿ ಕೂರುತ್ತಾರೆ.

ನಮಗೆ ಬಹಳ ಮಜಾ ಅನ್ನಿಸಿದ್ದು ಅಳತೆ. ಅವರ ಹತ್ತಿರ ಟೇಪು ಇರಲಿಲ್ಲ. ಯಾರು ಕೂರುತ್ತಾರೋ ಅವರ ಮೈಯಿಂದಲೇ ದೋಣಿ ಅಳೆಯುತ್ತಿದ್ದರು. ಉದ್ದ ಸುಮಾರು ಮೂರು ಮಾರು! ಸಾಗರದ ಪೇಟೆಯಲ್ಲಿ ಹೂವಿನವರು ಎರಡೂ ಕೈ ಚಾಚಿ ಮಾರು ಹಾಕುತ್ತಾರಲ್ಲ, ಅದೇ ಮಾರು. ಅಗಲ ಅಂದರೆ ಸೊಂಟದ ಅಗಲ ಮತ್ತು ಎರಡು ಮುಷ್ಟಿ. ನನ್ನ ಒಂದು ಮಾರು 148 ಸೆಂಟಿಮೀಟರ್. ಹಾಗಾದರೆ ನನಗೆ ಬೇಕಾದ ದೋಣಿ 444 ಸೆಂಟಿಮೀಟರ್. ನೀವೂ ನಿಮ್ಮ ಕಯಾಕ್ ಎಷ್ಟು ಉದ್ದ ಅಂತ ಅಳೆದುಕೊಳ್ಳಿ. ನಮ್ಮ ಶಾಲೆಯದು 9 ಅಡಿ ಮಾತ್ರ, ಅಂದರೆ ನನ್ನ ಎರಡು ಮಾರೂ ಇಲ್ಲ, ಆದರೆ ಅಗಲ ಜಾಸ್ತಿ. ಉದ್ದ ಸಪೂರ ದೋಣಿ ಜೋರಾಗಿ ಮತ್ತು ನೇರವಾಗಿ ಹೋಗುತ್ತದೆ, ಆದರೆ ಅಲುಗಾಡುತ್ತದೆ. ಗಿಡ್ಡ ಅಗಲದ ದೋಣಿ ನಿಧಾನ, ಆದರೆ ಗಟ್ಟಿ ನಿಲ್ಲುತ್ತದೆ. ಕಲಿಯುವವರಿಗೆ ಎರಡನೆಯದೇ ಒಳ್ಳೆಯದು.

ಹಂದರ ಕಟ್ಟಿ ಚರ್ಮ ಹೊದಿಸುವುದು ನಮ್ಮಲ್ಲಿಯೂ ಇತ್ತು. ಅದೇ ಹರಿಗೋಲು. ಸುಮಾರು 1520ರ ಹೊತ್ತಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸಿನ ಡೊಮಿಂಗೊ ಪಾಯೆಸ್ ಎಂಬಾತ ಆನೆಗೊಂದಿ ಕಡೆ ಬುಟ್ಟಿಯ ಹಾಗೆ ದುಂಡಗಿರುವ, ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಜನ ಹೊಳೆ ದಾಟುವುದನ್ನು ಕಂಡು ಬರೆದಿದ್ದಾನೆ. ದುಂಡಗಿರುವುದಕ್ಕೆ ಮೂತಿ ಇಲ್ಲ, ಅದಕ್ಕೇ ಹರಿಗೋಲು ತಿರುಗುತ್ತದೆ. ಕಯಾಕಿಗೆ ಎರಡೂ ಕಡೆ ಮೂತಿ ಇದೆ.

ಕೆನೂ ಎಂಬ ಇನ್ನೊಂದು ದೋಣಿ ಇದೆ. ಬಹಳ ಜನ ಎರಡನ್ನೂ ಒಂದೇ ಅನ್ನುತ್ತಾರೆ. ಕೆನೂ ಹುಟ್ಟಿಗೆ ಒಂದೇ ಕಡೆ ಎಲೆ ಇರುತ್ತದೆ, ಕಯಾಕಿನ ಹುಟ್ಟಿಗೆ ಎರಡೂ ತುದಿಯಲ್ಲಿ ಎಲೆ. (ಹುಟ್ಟು ಅಂದರೆ ಜನ್ಮ ಅಲ್ಲ, ನೀರು ತಳ್ಳುವ ಕೋಲು. ಅನ್ನ ಬಡಿಸುವ ಹುಟ್ಟೂ ಅಲ್ಲ.)

ಇನ್ನು ತೂತಿನ ವಿಷಯ. ನಮ್ಮ ದೋಣಿಯ ಕೂರುವ ಜಾಗದಲ್ಲಿ ನಾಲ್ಕು ತೂತುಗಳಿವೆ. ಮೇಲಿಂದ ನೋಡಿದರೆ ಕೆಳಗಿನ ನೆಲ ಕಾಣುತ್ತದೆ! ಮೊದಲ ದಿನ ನಾವೆಲ್ಲ "ಸಾರ್, ನಿಮಗೆ ಮೋಸ ಮಾಡಿದ್ದಾರೆ, ತೂತು ದೋಣಿ ಕೊಟ್ಟಿದ್ದಾರೆ" ಅಂತ ಕೂಗಿದೆವು. ಮೇಷ್ಟ್ರು ಉತ್ತರ ಹೇಳದೆ, ಒಂದು ವಾರ ಯೋಚನೆ ಮಾಡಿ ಬನ್ನಿ ಅಂದರು. ನಾನು ಮೂರು ದಿನ ಯೋಚಿಸಿ ಕೊನೆಗೆ ಬಚ್ಚಲಲ್ಲಿ ಪ್ಲಾಸ್ಟಿಕ್ ಡಬ್ಬಿ ಇಟ್ಟುಕೊಂಡು ನೋಡಿದೆ. ಆದರೂ ಅರ್ಧ ಮಾತ್ರ ತಿಳಿಯಿತು.

ಸರಿಯಾದ ಉತ್ತರ ಹೀಗಿದೆ. ದೋಣಿಯ ಹೊಟ್ಟೆಯೊಳಗೆ ಗಾಳಿ ಇದೆ. ತೂತು ಆ ಹೊಟ್ಟೆಯೊಳಗೆ ಬಾಯಿ ಬಿಟ್ಟಿಲ್ಲ. ಅದು ಮೇಲಿಂದ ಕೆಳಕ್ಕೆ ಹೋಗುವ ಒಂದು ಕೊಳವೆ, ಸುತ್ತಲೂ ಗೋಡೆ ಇದೆ. ಕೆರೆಯ ನೀರು ಆ ಕೊಳವೆಯೊಳಗೆ ಏರುತ್ತದೆ ನಿಜ, ಆದರೆ ಹೊರಗಿನ ನೀರು ಎಷ್ಟು ಎತ್ತರ ಇದೆಯೋ ಅಷ್ಟೇ ಏರುತ್ತದೆ, ಅದಕ್ಕಿಂತ ಮೇಲೆ ಏರಲಾರದು. ನಾವು ಕೂರುವ ಜಾಗ ಆ ಮಟ್ಟಕ್ಕಿಂತ ಸ್ವಲ್ಪ ಮೇಲಿದೆ. ಆದ್ದರಿಂದ ಕೆಳಗಿಂದ ನೀರು ಬರುವುದಿಲ್ಲ, ಬದಲಿಗೆ ಅಲೆಯಿಂದ ಒಳಗೆ ಬಿದ್ದ ನೀರೇ ಇಳಿದು ಹೋಗುತ್ತದೆ. ಭಾರದವರು ಕೂತರೆ ದೋಣಿ ಹೆಚ್ಚು ಇಳಿಯುತ್ತದೆ, ಆಗ ಕೂರುವ ಜಾಗ ನೀರಿನ ಮಟ್ಟಕ್ಕಿಂತ ಕೆಳಗೆ ಬಂದು ಒದ್ದೆಯಾಗುತ್ತದೆ. ನಮ್ಮ ಹೆಡ್ ಮೇಷ್ಟ್ರು ಕೂತಾಗ ಹಾಗೇ ಆಯ್ತು. (ಇದನ್ನು ಬರೆಯಲು ಅವರೇ ಒಪ್ಪಿದ್ದಾರೆ.)

ದೋಣಿ ಎಷ್ಟು ಇಳಿಯುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ. ಆರ್ಕಿಮಿಡೀಸ್ ಕಂಡುಹಿಡಿದ ನಿಯಮ ಪಾಠದಲ್ಲಿ ಬರುತ್ತದೆ. ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ನನ್ನ ತೂಕ 36 ಕಿಲೋ, ದೋಣಿಯದು 22 ಕಿಲೋ. ಒಟ್ಟು 58. ಒಂದು ಲೀಟರ್ ನೀರು ಒಂದು ಕಿಲೋ. ಹಾಗಾದರೆ ನಾನು ಕೂತಾಗ ದೋಣಿ 58 ಲೀಟರ್ ನೀರಿನ ಜಾಗ ಮಾಡಿಕೊಳ್ಳುತ್ತದೆ. ನಮ್ಮನೆಯ ಪ್ಲಾಸ್ಟಿಕ್ ಕೊಡಕ್ಕೆ 15 ಲೀಟರ್ ಹಿಡಿಯುತ್ತದೆ. ಸುಮಾರು ನಾಲ್ಕು ಕೊಡ. ನಾಲ್ಕೇ ಕೊಡ ನೀರು ನನ್ನನ್ನೂ ದೋಣಿಯನ್ನೂ ಎತ್ತಿ ಹಿಡಿಯುತ್ತದೆ ಅಂತ ಗೊತ್ತಾದಾಗ ನನಗೆ ಆಶ್ಚರ್ಯ ಆಯ್ತು.

ಮಾಡಿ ನೋಡಿ: ಅಡಿಕೆ ಹಾಳೆಯಲ್ಲಿ ಒಂದು ದೋಣಿ ಮಾಡಿ. ತಳದಲ್ಲಿ ಒಂದು ಕಲ್ಲು ಇಟ್ಟು ನೀರಿಗೆ ಬಿಡಿ, ಬೆರಳಿಂದ ಓಲಾಡಿಸಿ. ಬೀಳುವುದಿಲ್ಲ. ಈಗ ಅದೇ ಕಲ್ಲನ್ನು ಒಂದು ಗೇಣು ಕೋಲಿನ ತುದಿಗೆ ಕಟ್ಟಿ ದೋಣಿಯ ನಡುವೆ ನಿಲ್ಲಿಸಿ ಓಲಾಡಿಸಿ. ತಕ್ಷಣ ಮಗುಚುತ್ತದೆ. ಕಲ್ಲು ಅದೇ, ತೂಕವೂ ಅದೇ, ಆದರೆ ಎತ್ತರದಲ್ಲಿದೆ. ದೋಣಿಯಲ್ಲಿ ಎದ್ದು ನಿಲ್ಲಬಾರದು ಅನ್ನುವುದು ಇದಕ್ಕೇ. ಕಯಾಕಿನಲ್ಲಿ ಕಾಲು ಚಾಚಿ ತಳದಲ್ಲೇ ಕೂರುವುದೂ ಇದಕ್ಕೇ.

ಹುಟ್ಟು ಹಾಕುವುದು ಹೇಗೆ? ನಾನು ಮೊದಲು ಕೈಯಿಂದ ಎಳೆಯುವುದು ಅಂದುಕೊಂಡಿದ್ದೆ. ಹತ್ತು ನಿಮಿಷಕ್ಕೆ ತೋಳು ಸೋತುಹೋಯ್ತು. ಎಳೆಯಬೇಕಾದದ್ದು ಸೊಂಟದಿಂದ, ಮೈ ತಿರುಗಿಸಿ. ಎಲೆಯನ್ನು ಕಾಲ್ಬೆರಳಿನ ಹತ್ತಿರ ಪೂರ್ತಿ ಮುಳುಗಿಸಿ, ಸೊಂಟದ ಹತ್ತಿರ ಬಂದ ಕೂಡಲೆ ತೆಗೆಯಬೇಕು. ಇನ್ನೂ ಹಿಂದಕ್ಕೆ ಎಳೆದರೆ ನೀರು ಎತ್ತಿದ ಹಾಗೆ ಆಗುತ್ತದೆ, ಮುಂದೆ ಹೋಗುವುದಿಲ್ಲ. ನಾವು ನೀರನ್ನು ಹಿಂದಕ್ಕೆ ತಳ್ಳುತ್ತೇವೆ, ನೀರು ನಮ್ಮನ್ನು ಮುಂದಕ್ಕೆ ತಳ್ಳುತ್ತದೆ. ನ್ಯೂಟನ್ನಿನ ಮೂರನೇ ನಿಯಮ. ಬಲಗಡೆ ಅಗಲವಾಗಿ ಬಿಲ್ಲಿನ ಆಕಾರದಲ್ಲಿ ಹುಟ್ಟು ಹಾಕಿದರೆ ದೋಣಿಯ ಮೂತಿ ಎಡಕ್ಕೆ ತಿರುಗುತ್ತದೆ. ನನ್ನ ದೋಣಿ ಒಂದೇ ಸಮ ಎಡಕ್ಕೆ ಸುತ್ತುತ್ತಿತ್ತು. ಯಾಕೆ ಅಂತ ಮೇಷ್ಟ್ರು ನನ್ನನ್ನೇ ಕೇಳಿದರು. ಬಲಗೈಯಲ್ಲಿ ಬರೆಯುವುದು, ಬಲಗೈಯಲ್ಲಿ ನೀರು ಸೇದುವುದು, ಆದ್ದರಿಂದ ಬಲಗಡೆ ನನಗೆ ಗೊತ್ತಿಲ್ಲದೆ ಜೋರು ಬೀಳುತ್ತಿತ್ತು. ನಾನು ಹೇಳಿದ ಉತ್ತರ ಸರಿಯಾಗಿತ್ತು. ಗಣಿತದಲ್ಲಿ ನನಗೆ ಇಷ್ಟು ಬೇಗ ಯಾವತ್ತೂ ಹೊಳೆದಿಲ್ಲ.

ಈ ಪಾಠ ನಾನು ಬರೆಯಲು ಆಗುತ್ತಲೇ ಇರಲಿಲ್ಲ. ಯಾಕೆಂದರೆ ಅಜ್ಜಿ ಬಿಡುತ್ತಿರಲಿಲ್ಲ.

ನಮ್ಮ ಅಜ್ಜಿಯ ತವರು ಈಗ ನೀರಿನ ಅಡಿಯಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಅಜ್ಜಿಗೆ 9 ವರ್ಷ. ಗದ್ದೆ, ತೋಟ, ಮನೆ ಎಲ್ಲ ಬಿಟ್ಟು ಗಾಡಿ ಹೊಡೆದುಕೊಂಡು ಬಂದರು. ಅದಾದ ಮೇಲೆ ನಮ್ಮ ಚಿಕ್ಕಪ್ಪ. ನಾನು ಹುಟ್ಟುವ ಮೊದಲೇ, ಆಚೆ ದಡದ ಮದುವೆಗೆ ತೆಪ್ಪದಲ್ಲಿ ಹೋಗುವಾಗ ಗಾಳಿ ಬಂದು ಮಗುಚಿತು. ನೀರೊಳಗೆ ಹಳೇ ಕಾಡಿನ ಮರದ ಬೊಡ್ಡೆಗಳು ಇನ್ನೂ ನಿಂತೇ ಇವೆ. ಚಿಕ್ಕಪ್ಪನಿಗೆ ಈಜು ಚೆನ್ನಾಗಿ ಬರುತ್ತಿತ್ತು. ಆದರೂ ಬರಲಿಲ್ಲ. ಅವರ ಫೋಟೋ ನಮ್ಮ ಜಗುಲಿಯಲ್ಲಿದೆ. ಮೇಷ್ಟ್ರು ಕೊಟ್ಟ ಒಪ್ಪಿಗೆ ಪತ್ರವನ್ನು ನಾನು ಅಪ್ಪನಿಗೆ ಕೊಟ್ಟೆ, ಅಪ್ಪ ಅಜ್ಜಿಯ ಕಡೆ ನೋಡಿದರು. ಅಜ್ಜಿ "ಆ ನೀರಿನ ಸುದ್ದಿ ನನ್ನ ಹತ್ರ ತರಬೇಡಿ" ಅಂತ ಎದ್ದು ಹೋದರು. ನಾನು ಆ ರಾತ್ರಿ ಊಟ ಮಾಡಲಿಲ್ಲ. ಅಜ್ಜಿಯೂ ಮಾಡಲಿಲ್ಲ.

ಭಾನುವಾರ ಮೇಷ್ಟ್ರೇ ನಮ್ಮನೆಗೆ ಬಂದರು. ಅಜ್ಜಿ ಕಾಫಿ ಕೊಟ್ಟರು, ಮಾತಾಡಲಿಲ್ಲ. ಮೇಷ್ಟ್ರು ವಾದ ಮಾಡಲಿಲ್ಲ. "ನಾವು ಹಿನ್ನೀರಿಗೆ ಹೋಗೋದಿಲ್ಲ ಅಮ್ಮ, ಊರ ಕೆರೆ, ಅದೂ ಸೊಂಟದಷ್ಟು ನೀರಿರೋ ಮೂಲೆ. ಒಂದು ಸಲ ಬಂದು ನೋಡಿ, ಬೇಡ ಅಂದ್ರೆ ಬೇಡ" ಅಂದರು. ಅಜ್ಜಿ ಎರಡು ವಾರ ಬಿಟ್ಟು ಬಂದರು. ಕೆರೆ ಏರಿಯ ಮೇಲೆ ಕೊಡೆ ಹಿಡಿದು ನಿಂತರು. ಮೇಷ್ಟ್ರು ಪ್ಯಾಂಟು ಅಂಗಿ ಸಮೇತ, ಲೈಫ್ ಜಾಕೆಟ್ ಹಾಕಿ, ಆಳದ ಕಡೆ ಹೋಗಿ ಕೈಕಾಲು ಆಡಿಸದೆ ಸುಮ್ಮನೆ ಮಲಗಿದರು. ಕಣ್ಣು ಮುಚ್ಚಿದರು. ಹತ್ತು ನಿಮಿಷ. ನಾವೆಲ್ಲ ಲೆಕ್ಕ ಹಾಕುತ್ತಿದ್ದೆವು. ಮೂಗು ಬಾಯಿ ನೀರಿನ ಮೇಲೇ ಇತ್ತು.

ಅಜ್ಜಿ ಜಾಕೆಟನ್ನು ಕೈಯಲ್ಲಿ ಹಿಡಿದು ಹಿಚುಕಿ ನೋಡಿದರು. ಸ್ಪಂಜಿನ ಹಾಗೆ ಹಗುರ. "ಇಷ್ಟೇನಾ?" ಅಂದರು. ಇಷ್ಟೇ. ಮನುಷ್ಯನ ಮೈ ನೀರಿಗಿಂತ ಬಹಳ ಭಾರ ಏನಿಲ್ಲ, ಹೆಚ್ಚು ಕಡಿಮೆ ಸಮ. ತಲೆ ಮೇಲೆ ಇರಬೇಕು ಅಂದರೆ ಸ್ವಲ್ಪ ಸಹಾಯ ಸಾಕು. ದೊಡ್ಡವರು ಕಯಾಕಿನಲ್ಲಿ ಹಾಕುವ ಜಾಕೆಟ್ಟು ಸುಮಾರು 5 ಕಿಲೋ ಎತ್ತುವಷ್ಟು ಬಲ ಕೊಟ್ಟರೆ ಆಯ್ತು. ಅದರೊಳಗೆ ಇರುವುದು ಸಣ್ಣ ಸಣ್ಣ ಗಾಳಿ ಗುಳ್ಳೆಗಳ ಫೋಮು. ನೀರು ಕುಡಿಯುವುದಿಲ್ಲ. ಆದರೆ ಪಟ್ಟಿ ಬಿಗಿಯಾಗಿ ಹಾಕಬೇಕು, ಇಲ್ಲದಿದ್ದರೆ ಜಾಕೆಟ್ ಮೇಲೆ ಬರುತ್ತದೆ, ನಾವು ಕೆಳಗೆ ಜಾರುತ್ತೇವೆ. ಭುಜದ ಹತ್ತಿರ ಹಿಡಿದು ಎತ್ತಿ ನೋಡಬೇಕು, ಕಿವಿಯ ತನಕ ಬಂದರೆ ಅದು ಸಡಿಲ.

ಇದನ್ನೆಲ್ಲ ಮೇಷ್ಟ್ರು ಹೇಳಿದ ಮೇಲೆ ಅಜ್ಜಿ "ಆಗ ಇದು ಇದ್ದಿದ್ರೆ" ಅಂದರು. ಮುಂದೆ ಹೇಳಲಿಲ್ಲ. ಮೇಷ್ಟ್ರೂ ಏನೂ ಹೇಳಲಿಲ್ಲ. ಆ ಸಂಜೆ ಅಪ್ಪ ಪತ್ರಕ್ಕೆ ಸಹಿ ಹಾಕಿದರು, ಅಜ್ಜಿಯೂ ಕೇಳಿ ತಕ್ಕೊಂಡು ಅದರ ಕೆಳಗೆ ಹೆಬ್ಬೆಟ್ಟು ಒತ್ತಿದರು. ಆ ಪತ್ರ ಶಾಲೆಯ ಫೈಲಿನಲ್ಲಿದೆ.

ನಾನು ಮೊದಲು ಕಲಿತದ್ದು ಹುಟ್ಟು ಹಾಕುವುದಲ್ಲ, ಬೀಳುವುದು. ಬೇಕಂತಲೇ ಮಗುಚಿಸುತ್ತಾರೆ! ಬಿದ್ದ ಕೂಡಲೆ ದೋಣಿ ಬಿಡಬಾರದು, ಅದು ತೇಲುತ್ತದೆ, ಅದನ್ನೇ ಹಿಡಿದುಕೊಳ್ಳಬೇಕು. ಆಮೇಲೆ ಬೋರಲು ಬಿದ್ದ ದೋಣಿಯನ್ನು ತಿರುಗಿಸಿ, ಹೊಟ್ಟೆಯ ಮೇಲೆ ಹಾರಿ ಅಡ್ಡ ಮಲಗಿ, ನಿಧಾನ ತಿರುಗಿ ಕೂರಬೇಕು. ನನಗೆ ನೀರೊಳಗೆ ಹೋದಾಗ ಚಿಕ್ಕಪ್ಪನ ಫೋಟೋ ನೆನಪಾಯ್ತು. ಜಾಕೆಟ್ ನನ್ನನ್ನು ಕುತ್ತಿಗೆ ಹಿಡಿದು ಎತ್ತಿದ ಹಾಗೆ ಮೇಲೆ ತಂತು. ಕೆಮ್ಮಿದೆ, ಅತ್ತೆ. ಮೇಷ್ಟ್ರು ಪಕ್ಕದಲ್ಲೇ ಸೊಂಟದ ನೀರಿನಲ್ಲಿ ನಿಂತಿದ್ದರು. "ಇನ್ನೊಂದು ಸಲ?" ಅಂದರು. ಆ ದಿನ ಬೇಡ ಅಂದೆ. ಮುಂದಿನ ಶನಿವಾರ ಮೂರು ಸಲ ಬಿದ್ದೆ.

ಧ್ರುವದ ಬೇಟೆಗಾರರು ಮಾತ್ರ ದೋಣಿಯಿಂದ ಹೊರಗೆ ಬರುತ್ತಲೇ ಇರಲಿಲ್ಲ. ಅಲ್ಲಿಯ ನೀರು ಹಿಮದಷ್ಟು ತಣ್ಣಗೆ, ಹೊರಗೆ ಬಂದರೆ ಸ್ವಲ್ಪ ಹೊತ್ತಿಗೇ ಸಾವು. ಅವರ ದೋಣಿ ನಮ್ಮದರ ಹಾಗೆ ಮೇಲೆ ಕೂರುವುದಲ್ಲ, ಒಳಗೆ ಕೂರುವುದು. ಚರ್ಮದ ಅಂಗಿಯ ಅಂಚನ್ನು ದೋಣಿಯ ಬಾಯಿಗೆ ಬಿಗಿದು ಕಟ್ಟಿ, ಮಗುಚಿದರೆ ಹುಟ್ಟಿನಿಂದ ನೀರನ್ನು ಒತ್ತಿ ಸೊಂಟ ತಿರುಗಿಸಿ ಒಂದು ಸುತ್ತು ಹೊಡೆದು ಮೇಲೆ ಬರುತ್ತಿದ್ದರು. ಇದಕ್ಕೆ ರೋಲ್ ಎನ್ನುತ್ತಾರೆ. ಮೇಷ್ಟ್ರಿಗೆ ಹತ್ತು ಸಲಕ್ಕೆ ಆರು ಸಲ ಬರುತ್ತದೆ.

ಇನ್ನೊಬ್ಬರ ಕಥೆ ಹೇಳಲೇಬೇಕು. ಆಸ್ಕರ್ ಸ್ಪೆಕ್ ಎಂಬ ಜರ್ಮನಿಯವನು ಕೆಲಸ ಕಳೆದುಕೊಂಡು, ಮಡಚುವ ಕಯಾಕ್ ಹಿಡಿದು 1932ರಲ್ಲಿ ಡ್ಯಾನ್ಯೂಬ್ ನದಿಯಲ್ಲಿ ಹೊರಟ. ಹೋಗ್ತಾ ಹೋಗ್ತಾ ಭಾರತದ ಕರಾವಳಿಯನ್ನೂ ಹಿಡಿದು ಬಂದು, ಏಳು ವರ್ಷ ಆದ ಮೇಲೆ 1939ರಲ್ಲಿ ಆಸ್ಟ್ರೇಲಿಯ ಮುಟ್ಟಿದ. ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಗಿತ್ತು, ಜರ್ಮನಿಯವನು ಅಂತ ಅವನನ್ನು ಹಿಡಿದು ಸೆರೆಯಲ್ಲಿಟ್ಟರು. ಅವನಿಗೆ ಈಜು ಬರುತ್ತಿರಲಿಲ್ಲವಂತೆ. ನಮ್ಮ ಹುಡುಗರು ಚಪ್ಪಾಳೆ ಹೊಡೆದರು. ಮೇಷ್ಟ್ರು ಮಾತ್ರ "ಇದರಲ್ಲಿ ಚಪ್ಪಾಳೆ ಹೊಡೆಯೋದು ಏನಿಲ್ಲ, ಅದೃಷ್ಟ ಇತ್ತು ಬದುಕಿದ" ಅಂದರು. ನಮ್ಮಲ್ಲಿ 25 ಮೀಟರ್ ಈಜು ಬಾರದವರು ಸೊಂಟದ ನೀರು ದಾಟುವ ಹಾಗಿಲ್ಲ. ಮಳೆಗಾಲದಲ್ಲಿ ಇಲ್ಲ, ಗಾಳಿ ಇದ್ದರೆ ಇಲ್ಲ, ಒಬ್ಬರೇ ಅಂತೂ ಇಲ್ಲವೇ ಇಲ್ಲ. ದಡದಲ್ಲಿ ಯಾವಾಗಲೂ ಹಗ್ಗ ಹಿಡಿದ ಇಬ್ಬರು ಇರಬೇಕು.

ಒಲಿಂಪಿಕ್ಸಿನಲ್ಲಿ ಕಯಾಕ್ ಪಂದ್ಯ 1936ರಿಂದ ಇದೆ, ಹೆಂಗಸರಿಗೆ 1948ರಿಂದ. ನಮ್ಮ ದೇಶದ ಪ್ರಾಚಿ ಯಾದವ್ ಮೊದಲು ಈಜುಗಾರ್ತಿ. ಅವರಿಗೆ ಕಾಲುಗಳಲ್ಲಿ ಶಕ್ತಿ ಇಲ್ಲ. ಆಮೇಲೆ ದೋಣಿ ಕಲಿತು ಟೋಕಿಯೋ ಪ್ಯಾರಾಲಿಂಪಿಕ್ಸಿನಲ್ಲಿ (ನಡೆದದ್ದು 2021ರಲ್ಲಿ) ಈ ಆಟಕ್ಕೆ ಹೋದ ಮೊದಲ ಭಾರತೀಯರಾದರು. 2023ರಲ್ಲಿ ಚೀನಾದ ಹ್ಯಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಕಯಾಕಿನಲ್ಲಿ ಚಿನ್ನ ಗೆದ್ದರು. ಅವರ ಚಿತ್ರ ಪೇಪರಿನಿಂದ ಕತ್ತರಿಸಿ ಪಕ್ಕದಲ್ಲಿ ಅಂಟಿಸಿದ್ದೇನೆ.

ಕಯಾಕಿನ ಭಾಗಗಳ ಚಿತ್ರ ಕೆಳಗಿನ ಹಾಳೆಯಲ್ಲಿದೆ. ಬಣ್ಣ ಹಾಕಿದ್ದು ನನ್ನ ತಮ್ಮ, ಅದಕ್ಕೇ ನೀರು ಹಸಿರಾಗಿದೆ. ತೂತಿನ ಕೊಳವೆಯನ್ನು ಕೆಂಪು ಗೆರೆಯಲ್ಲಿ ತೋರಿಸಿದ್ದೇನೆ. ಆರನೇ ತರಗತಿಯವರು ಒಪ್ಪಿಗೆ ಪತ್ರ ಈ ಶುಕ್ರವಾರದೊಳಗೆ ತರಬೇಕು.

ಮೊನ್ನೆ ರಾತ್ರಿ ಈ ಲೇಖನವನ್ನು ಅಜ್ಜಿಗೆ ಓದಿ ಹೇಳಿದೆ. ನಾಲ್ಕು ಕೊಡದ ಲೆಕ್ಕ ಎರಡು ಸಲ ಓದಿಸಿದರು. ಆಮೇಲೆ, ಬೇಸಿಗೆಯಲ್ಲಿ ನೀರು ಇಳಿದಾಗ ತವರಿನ ಗದ್ದೆ ಬದು ಕಾಣ್ತದೆ, ಆದರೆ ಕೆಸರು, ನಡೆದು ಹೋಗಲು ಆಗೋದಿಲ್ಲ ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ದೋಣೀಲಿ ಇಬ್ರು ಕೂರಬಹುದಾ?" ಅಂತ ಕೇಳಿದರು. ನಮ್ಮದು ಒಬ್ಬರದ್ದು, ಇಬ್ಬರು ಕೂರುವುದೂ ಬೇರೆ ಇದೆ, ಮೇಷ್ಟ್ರು ವಿಚಾರಿಸುತ್ತಿದ್ದಾರೆ ಅಂತ ಹೇಳಿದೆ.

"ಬಂದ ಮೇಲೆ ಹೇಳು" ಅಂದು ಅಜ್ಜಿ ದೀಪ ಆರಿಸಿದರು.

— 7ನೇ ತರಗತಿ ವಿದ್ಯಾರ್ಥಿನಿ